ಟ್ರ್ಯಾಕ್ಟರಿಗೆ ಸ್ಕಿಡ್ ಸ್ಟಿಯರ್ ಉಪಕರಣ ಜೋಡಿಸಿ ಬೇಲಿ ಕಂಬ ನೆಡುವ ಕ್ರಮ: ಶಿರಸಿ ಸೀಮೆಯ ತೋಟಿಗರಿಗೆ

ಅಡಿಕೆ ತೋಟದ ಸುತ್ತ ಬೇಲಿ ಕಟ್ಟುವಾಗ ಹೆಚ್ಚಿನ ಶ್ರಮ ಮತ್ತು ಹೆಚ್ಚಿನ ಖರ್ಚು ಎರಡು ಕಡೆ ಬೀಳುತ್ತದೆ: ಹೊಂಡ ತೋಡುವಲ್ಲಿ, ಮತ್ತು ಲಾರಿ ಇಳಿಸಿಹೋದ ಜಾಗದಿಂದ ತೋಟದ ಅಂಚಿನವರೆಗೆ ಕಂಬ ಹೊರುವಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಮಳೆ ಹಿಂದೆಗೆದು ನೆಲ ಅಗೆಯಲು ಹದವಾಗುವ ಹೊತ್ತಿಗೆ ಅಡಿಕೆ ಗೊನೆಯ ಕೊಯ್ಲು, ಸುಲಿತ ಆರಂಭವಾಗಿರುತ್ತದೆ. ಆಳುಗಳು ಅಲ್ಲಿಗೆ ಹೋಗಿರುತ್ತಾರೆ. ಮನೆಯಲ್ಲಿ ಅಥವಾ ನೆರೆಯಲ್ಲಿ ಮುಂಭಾಗಕ್ಕೆ ಲೋಡರ್ (ಭಾರ ಎತ್ತುವ ತೋಳು) ಕೂರಿಸಿದ ಟ್ರ್ಯಾಕ್ಟರ್ ಇದ್ದರೆ, ಸ್ಕಿಡ್ ಸ್ಟಿಯರ್ ಯಂತ್ರಕ್ಕೆಂದು ಮಾಡಿದ ಉಪಕರಣಗಳನ್ನೇ ಅದಕ್ಕೆ ಜೋಡಿಸಿ ಈ ಎರಡೂ ಕೆಲಸಗಳನ್ನು ಹಗುರ ಮಾಡಿಕೊಳ್ಳಬಹುದು. ಆದರೆ ಜೋಡಣೆ ಕೂತಿತು ಎಂದಾಕ್ಷಣ ಟ್ರ್ಯಾಕ್ಟರ್ ಆ ಉಪಕರಣವನ್ನು ನಡೆಸಬಲ್ಲದು ಎಂದು ತಿಳಿಯಬಾರದು. ಬಾಡಿಗೆಯ ಮುಂಗಡ ಕೊಡುವ ಮೊದಲು ತೂಕ ಮತ್ತು ಎಣ್ಣೆಯ ಹರಿವು, ಈ ಎರಡರ ಲೆಕ್ಕ ಹಾಕಲೇಬೇಕು.

ಸ್ಕಿಡ್ ಸ್ಟಿಯರ್ ಎಂದರೆ ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ನಿಂತಲ್ಲೇ ತಿರುಗುವ ಪುಟ್ಟ ಲೋಡರ್. ನಮ್ಮಲ್ಲಿ ಅನೇಕರು ಅದನ್ನು ಬಾಬ್‌ಕ್ಯಾಟ್ ಎಂದು ಕಂಪನಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಅಮೆರಿಕದ ಮಿನ್ನೆಸೋಟಾದಲ್ಲಿ 1957ರಲ್ಲಿ ಕೆಲ್ಲರ್ ಸಹೋದರರು ಟರ್ಕಿ ಕೋಳಿಗಳ ಕೊಟ್ಟಿಗೆಯಿಂದ ಗೊಬ್ಬರ ತೆಗೆಯಲೆಂದು ಕಟ್ಟಿದ ಯಂತ್ರ ಇದರ ಮೂಲ. ಮುಂದೆ ಇದಕ್ಕೆ ಹೊಂಡ ಕೊರೆಯುವ ಆಗರ್, ಕಂಬ ಬಡಿಯುವ ಡ್ರೈವರ್, ಕಂಬ ಕೀಳುವ ಪುಲ್ಲರ್, ಭಾರ ಎತ್ತಿ ಒಯ್ಯುವ ಫೋರ್ಕ್ ಮುಂತಾದ ನೂರಾರು ಉಪಕರಣಗಳು ಬಂದವು. ಅವೆಲ್ಲ ಯಂತ್ರದ ತೋಳಿನ ತುದಿಯಲ್ಲಿರುವ ಒಂದೇ ಅಳತೆಯ ಜೋಡಣೆ ತಗಡಿಗೆ ಕೂರುವಂತೆ ಮಾಡಲಾಯಿತು. ಐಎಸ್‌ಒ 24410 ಎಂಬ ಅಂತರರಾಷ್ಟ್ರೀಯ ಮಾನಕ ಈ ಅಳತೆಯನ್ನೇ ಹೇಳುತ್ತದೆ. ಟ್ರ್ಯಾಕ್ಟರ್ ಲೋಡರಿನ ತೋಳಿಗೆ ಈ ತಗಡನ್ನು ಹಾಕಿಸಿದರೆ ಅದೇ ಉಪಕರಣಗಳು ಇಲ್ಲಿಯೂ ಕೂರುತ್ತವೆ. ನಮ್ಮ ಜಿಲ್ಲೆಯ ಮಟ್ಟಿಗೆ ಟ್ರ್ಯಾಕ್ಟರಿಗೆ ಒಂದು ಅನುಕೂಲವೂ ಇದೆ: ಸ್ಕಿಡ್ ಸ್ಟಿಯರ್ ತಿರುಗುವಾಗ ಚಕ್ರಗಳು ನೆಲವನ್ನು ಉಜ್ಜುತ್ತವೆ, ಹಸಿ ಕೆಂಪು ಮಣ್ಣಿನಲ್ಲಿ ತೋಟದ ದಾರಿ ಕೆಸರುಗದ್ದೆಯಾಗುತ್ತದೆ. ಟ್ರ್ಯಾಕ್ಟರ್ ಅಷ್ಟು ಕೆಡಿಸುವುದಿಲ್ಲ.

ಮೊದಲು ಎಣ್ಣೆಯ ಲೆಕ್ಕ

ಹೈಡ್ರಾಲಿಕ್ ಆಗರ್ ತಿರುಗುವುದು ಎಣ್ಣೆಯ ಹರಿವಿನಿಂದ. ಸ್ಕಿಡ್ ಸ್ಟಿಯರ್ ಯಂತ್ರಗಳು ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 90 ಲೀಟರ್ ಎಣ್ಣೆ ಹರಿಸುತ್ತವೆ. ನಮ್ಮಲ್ಲಿ ಓಡುವ 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರುಗಳ ಪಂಪು ಹೆಚ್ಚಾಗಿ 20ರಿಂದ 40 ಲೀಟರ್ ಮಾತ್ರ ಕೊಡುತ್ತದೆ. ಲೀಟರ್ ಸಂಖ್ಯೆಯನ್ನು ಒತ್ತಡದ ಬಾರ್ ಸಂಖ್ಯೆಯಿಂದ ಗುಣಿಸಿ 600ರಿಂದ ಭಾಗಿಸಿದರೆ ಉಪಕರಣಕ್ಕೆ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ತಿಳಿಯುತ್ತದೆ. 75 ಲೀಟರ್ ಹರಿವು, 200 ಬಾರ್ ಒತ್ತಡವಿರುವ ಸ್ಕಿಡ್ ಸ್ಟಿಯರ್ 25 ಕಿಲೋವ್ಯಾಟ್, ಅಂದರೆ ಸುಮಾರು 33 ಅಶ್ವಶಕ್ತಿ ಕೊಡುತ್ತದೆ. 30 ಲೀಟರ್, 170 ಬಾರ್ ಇರುವ ಟ್ರ್ಯಾಕ್ಟರಿನಿಂದ ಸಿಗುವುದು 8.5 ಕಿಲೋವ್ಯಾಟ್, ಅಂದರೆ 11 ಅಶ್ವಶಕ್ತಿಯ ಆಸುಪಾಸು. ಎಂಜಿನ್ 45 ಅಶ್ವಶಕ್ತಿಯದಾದರೂ ಪಂಪಿನ ಮೂಲಕ ಹೊರಬರುವುದು ಅಷ್ಟೇ.

ಇದರ ಪರಿಣಾಮ ಹೊಂಡದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ತಿಳಿದಿರಬೇಕು. ಆಗರಿನ ವೇಗ ಹರಿವನ್ನು ಅವಲಂಬಿಸಿದೆ, ತಿರುಚುವ ಬಲ ಒತ್ತಡವನ್ನು ಅವಲಂಬಿಸಿದೆ. 75 ಲೀಟರಿಗೆ ನಿಮಿಷಕ್ಕೆ 80 ಸುತ್ತು ತಿರುಗುವ ಆಗರ್ 30 ಲೀಟರಿಗೆ 32 ಸುತ್ತು ತಿರುಗುತ್ತದೆ. ಬಲದಲ್ಲಿ ಅಷ್ಟು ಕೊರತೆ ಆಗುವುದಿಲ್ಲ. ನಿಧಾನ ತಿರುಗುವುದರಿಂದ ಕೊರೆತಕ್ಕೆ ತೊಂದರೆ ಕಡಿಮೆ, ಆದರೆ ಮೇಲೆತ್ತಿದಾಗ ಮಣ್ಣು ಸಿಡಿದು ಬೀಳದೆ ಆಗರಿಗೇ ಅಂಟಿಕೊಂಡಿರುತ್ತದೆ, ಮತ್ತು ಒಂದೊಂದು ಹೊಂಡಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಬಾಡಿಗೆಗೆ ತರುವಾಗ ದೊಡ್ಡ ಯಂತ್ರದ ಆಗರ್ ಬೇಡ. ಕಡಿಮೆ ಹರಿವಿಗೆಂದೇ ಮಾಡಿದ, ಪುಟ್ಟ ಲೋಡರುಗಳಿಗೆ ಹಾಕುವ ಮೋಟರಿನ ಆಗರನ್ನು ಕೇಳಬೇಕು.

ಟ್ರಾಲಿ ಎತ್ತಲು ಇರುವ ಒಂಟಿ ಎಣ್ಣೆ ಪೈಪಿನಿಂದ ಆಗರ್ ನಡೆಯುವುದಿಲ್ಲ. ಟ್ರಾಲಿಯ ಜಾಕಿಗೆ ಎಣ್ಣೆ ಹೋಗಿ ಅದೇ ದಾರಿಯಲ್ಲಿ ಮರಳುತ್ತದೆ. ಮೋಟರಿಗಾದರೋ ಒಂದು ಕಡೆಯಿಂದ ಸತತವಾಗಿ ಎಣ್ಣೆ ಬರುತ್ತಿರಬೇಕು, ಇನ್ನೊಂದು ಕಡೆಯಿಂದ ತಡೆಯಿಲ್ಲದೆ ಟ್ಯಾಂಕಿಗೆ ಮರಳುತ್ತಿರಬೇಕು. ಹಾಗಾಗಿ ಎರಡು ಬಾಯಿಯ, ಲಿವರ್ ಒತ್ತಿಹಿಡಿಯದೆಯೂ ತೆರೆದೇ ನಿಲ್ಲುವ ವಾಲ್ವ್ ಬೇಕಾಗುತ್ತದೆ. ಕೆಲವು ಮೋಟರುಗಳಿಗೆ ಒಳಸೋರಿಕೆಯ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಒಯ್ಯುವ ಮೂರನೆಯ ಸಣ್ಣ ಪೈಪೂ ಬೇಕು. ಅದನ್ನು ಜೋಡಿಸದೆ ಓಡಿಸಿದರೆ ಸೀಲ್ ಒಡೆಯುತ್ತದೆ. ಕಪ್ಲರುಗಳ ಆಕಾರವೂ ಬೇರೆ: ಸ್ಕಿಡ್ ಸ್ಟಿಯರ್ ಉಪಕರಣಗಳಲ್ಲಿ ಚಪ್ಪಟೆ ಮುಖದ ಕಪ್ಲರ್ ಇರುತ್ತದೆ, ಟ್ರ್ಯಾಕ್ಟರಿನಲ್ಲಿ ಗುಂಡಿಯಂತೆ ಒಳಸರಿಯುವ ವಾಲ್ವಿನ ಅರ್ಧ ಇಂಚಿನ ಕಪ್ಲರ್ ಇರುತ್ತದೆ. ಅಡಾಪ್ಟರುಗಳನ್ನು ಮೊದಲೇ ತರಿಸಿಡುವುದು ಒಳ್ಳೆಯದು. ನಮ್ಮ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರುಪೆಟ್ಟಿಗೆಗೂ ಹೆಚ್ಚಾಗಿ ಒಂದೇ ಎಣ್ಣೆಯಾದ್ದರಿಂದ ಕಪ್ಲರಿನಲ್ಲಿ ಅಂಟಿದ ಕೆಂಪು ಮಣ್ಣು ಒಳಗೆ ಹೋದರೆ ಕೆಡುವುದು ಆಗರ್ ಒಂದೇ ಆಗಿರುವುದಿಲ್ಲ. ಬಟ್ಟೆಯಿಂದ ಒರೆಸಿಯೇ ಜೋಡಿಸಬೇಕು. ಆಗರ್ ಮತ್ತು ಪೈಪುಗಳು ಒಂದಿಷ್ಟು ಎಣ್ಣೆ ತುಂಬಿಕೊಳ್ಳುವುದರಿಂದ ಮೊದಲ ಬಾರಿ ತಿರುಗಿಸಿದ ಮೇಲೆ ಎಣ್ಣೆಯ ಮಟ್ಟವನ್ನು ಮತ್ತೆ ನೋಡಬೇಕು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ತೋಟಿಗರಿಗೆ ಒಂದು ಮಿಶ್ರ ಏರ್ಪಾಡೇ ಸರಿಹೊಂದುತ್ತದೆ. ಹೊಂಡ ಕೊರೆಯಲು ಟ್ರ್ಯಾಕ್ಟರಿನ ಹಿಂದೆ ಪಿಟಿಒದಿಂದ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ಶಾಫ್ಟ್) ನಡೆಯುವ ಡಿಗ್ಗರ್, ಕಂಬ ಎತ್ತಿ ಸಾಗಿಸಲು ಮುಂದೆ ಸ್ಕಿಡ್ ಸ್ಟಿಯರ್ ಫೋರ್ಕ್. ಪಿಟಿಒ ಎಂಜಿನ್ನಿನ ಶಕ್ತಿಯ ಬಹುಭಾಗವನ್ನು ನೇರವಾಗಿ ಕೊಡುತ್ತದೆ, ಎಣ್ಣೆಯ ಹರಿವಿನ ಮಿತಿ ಅದಕ್ಕಿಲ್ಲ. ಫೋರ್ಕಿಗಾದರೋ ಎಣ್ಣೆಯ ಮೋಟರೇ ಬೇಡ. ಮುಂದಿನ ಹೈಡ್ರಾಲಿಕ್ ಆಗರಿಗೆ ಎರಡು ಗುಣಗಳಿವೆ: ಸಿಕ್ಕಿಬಿದ್ದರೆ ಹಿಂದಕ್ಕೆ ತಿರುಗಿಸಬಹುದು, ಮತ್ತು ಚಾಲಕ ಕತ್ತು ತಿರುಗಿಸದೆ ಮುಂದೆ ನೋಡುತ್ತಲೇ ಕೊರೆಯಬಹುದು. ಬಂಡೆಯ ತುಣುಕುಗಳಿರುವ ಚಿರೇಕಲ್ಲಿನ ನೆಲದಲ್ಲಿ ಈ ಗುಣಗಳಿಗಾಗಿ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ; ಬನವಾಸಿ ಕಡೆಯ ಮೆತ್ತನೆಯ ನೆಲದಲ್ಲಿ ಅದು ದುಂದು.

ತೂಕ

ಲೋಡರಿನ ಪುಸ್ತಕದಲ್ಲಿ ಬರೆದ ಎತ್ತುವ ಸಾಮರ್ಥ್ಯ ತೋಳಿನ ತುದಿಯ ಪಿನ್ನಿನ ಬಳಿಯದು. ತಗಡಿನ ತೂಕ, ಉಪಕರಣದ ತೂಕ, ಮತ್ತು ಭಾರ ಪಿನ್ನಿನಿಂದ ಎಷ್ಟು ಮುಂದಿದೆ ಎಂಬುದು ಸೇರಿ ನಿಜವಾದ ಸಾಮರ್ಥ್ಯ ಅದಕ್ಕಿಂತ ಸಾಕಷ್ಟು ಕಡಿಮೆಯಾಗುತ್ತದೆ. ಕಂಬಗಳ ತೂಕವನ್ನು ಅಳತೆಯಿಂದಲೇ ಹೇಳಬಹುದು. 4 ಇಂಚು ದಪ್ಪ, 4 ಇಂಚು ಅಗಲ, 7 ಅಡಿ ಉದ್ದದ ಸಿಮೆಂಟ್ ಕಂಬ ಸುಮಾರು 50 ಕಿಲೋ. 6 ಇಂಚು ಅಗಲ, 4 ಇಂಚು ದಪ್ಪದ ಅಷ್ಟೇ ಉದ್ದದ ಕಲ್ಲುಕಂಬ 85 ಕಿಲೋ ಆಸುಪಾಸು. ಇಪ್ಪತ್ತು ಸಿಮೆಂಟ್ ಕಂಬ ಹೇರಿದರೆ ಒಂದು ಟನ್ ಆಯಿತು. ಸಾಧಾರಣ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿಗೆ ಅದು ತಕ್ಕ ಭಾರವಲ್ಲ. ಎಂಟು ಕಂಬಗಳಂತೆ ಒಯ್ದರೆ ಫೋರ್ಕಿನ ತೂಕ ಬಿಟ್ಟು 400 ಕಿಲೋ ಆಗುತ್ತದೆ, ಸಂಖ್ಯೆ ಕಡಿಮೆಯಾದರೂ ದಾರಿ ಸುರಕ್ಷಿತ. ಹಿಂದೆ ಭಾರ ಇಲ್ಲದೆ ಮುಂದೆ ಎತ್ತಲೇಬಾರದು. ರೋಟಾವೇಟರನ್ನೋ ಕಾಂಕ್ರೀಟ್ ತುಂಬಿದ ಪೆಟ್ಟಿಗೆಯನ್ನೋ ಹಿಂದಿನ ಕೊಂಡಿಗೆ ಹಾಕಿರಬೇಕು. ಪಿಟಿಒ ಡಿಗ್ಗರ್ ಇದ್ದರೂ ಅದು ತೂಗಾಡುವ ಭಾರವಾದ್ದರಿಂದ ಅದನ್ನೊಂದೇ ನೆಚ್ಚಿಕೊಳ್ಳುವಂತಿಲ್ಲ; ಸಾಗುವಾಗ ಅದನ್ನು ಸರಪಳಿಯಿಂದ ಬಿಗಿದಿರಬೇಕು.

ಕಂಬ ಹೊತ್ತು ಸಾಗುವಾಗ ಫೋರ್ಕ್ ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಬಾರದು. ನಮ್ಮ ತೋಟಗಳು ಕಣಿವೆಯಲ್ಲಿ, ದಾರಿಗಳು ಇಳಿಜಾರಿನಲ್ಲಿ. ಅಡ್ಡ ಇಳುಕಲಿನಲ್ಲಿ ಎತ್ತಿದ ಭಾರದೊಂದಿಗೆ ತಿರುಗುವ ಟ್ರ್ಯಾಕ್ಟರ್ ಮಗುಚಲು ಒಂದು ಸಣ್ಣ ಕಲ್ಲು ಸಾಕು. ತೋಟದ ಒಳಗಿನ ಕಾದಿಗೆಗಳನ್ನು (ಬಸಿಗಾಲುವೆಗಳನ್ನು) ದಾಟಿಸಿ ಟ್ರ್ಯಾಕ್ಟರ್ ನುಗ್ಗಿಸುವ ಆಲೋಚನೆಯನ್ನೇ ಬಿಡಬೇಕು. ಯಂತ್ರ ಹೋಗದ ಅಂಚಿನಲ್ಲಿ ಹಾರೆ, ಗುದ್ದಲಿಯ ಕೆಲಸವೇ ಸರಿ.

ಉಪಕರಣ ಕೂರಿಸುವಾಗ ತಗಡನ್ನು ಮುಂದಕ್ಕೆ ಬಾಗಿಸಿ, ಅದರ ಮೇಲಂಚನ್ನು ಉಪಕರಣದ ಮೇಲಿನ ತುಟಿಯ ಕೆಳಗೆ ಸೇರಿಸಿ, ಹಿಂದಕ್ಕೆ ಬಾಗಿಸಿ ಎತ್ತಿ, ಎರಡೂ ಬದಿಯ ಲಿವರುಗಳನ್ನು ಒತ್ತಿ ಬೀಗ ಹಾಕಬೇಕು. ಲಿವರ್ ಕೆಳಗಾಗಿದ್ದರೂ ಕೆಳಗಿನ ಬೆಣೆ ರಂಧ್ರದೊಳಗೆ ಇಳಿದಿರದೆ ಇರಬಹುದು. ಎಂಜಿನ್ ನಿಲ್ಲಿಸಿ ಇಳಿದು, ಎರಡೂ ಬೆಣೆಗಳು ಕೆಳಗಿನಿಂದ ಹೊರಗೆ ಕಾಣುತ್ತಿವೆಯೇ ಎಂದು ಕಣ್ಣಾರೆ ನೋಡಬೇಕು.

ಯಂತ್ರ ಬರುವ ಮೊದಲು

ಗಡಿ ಖಚಿತವಿಲ್ಲದಿದ್ದರೆ ಮೋಜಣಿ ಇಲಾಖೆಗೆ ಅರ್ಜಿ ಹಾಕಿ ಹದ್ದುಬಸ್ತು (ಗಡಿ ಅಳೆದು ಗುರುತಿಸುವ ಕೆಲಸ) ಮಾಡಿಸಿಕೊಂಡ ನಂತರವೇ ಕಂಬದ ಗುರುತು ಹಾಕಬೇಕು. ಸೊಪ್ಪಿನ ಬೆಟ್ಟದ ಕಡೆ ಬೇಲಿ ಬರುವುದಾದರೆ, ಅದು ನಾವು ಸೌಲಭ್ಯವಾಗಿ ಬಳಸುವ ಅರಣ್ಯಭೂಮಿ ಎಂಬುದನ್ನು ನೆನಪಿಟ್ಟು, ಯಂತ್ರ ಒಯ್ಯುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಬೇಕು. ನೀರಿನ ಪೈಪು, ಹನಿ ನೀರಾವರಿಯ ಮುಖ್ಯ ಕೊಳವೆ, ಟೆಲಿಫೋನ್ ಕೇಬಲ್ ಎಲ್ಲಿ ಹೋಗಿವೆ ಎಂಬುದನ್ನು ಗೂಟ ಹೊಡೆದು ತೋರಿಸಿಡಬೇಕು. ಹೆಸ್ಕಾಂ ವಿದ್ಯುತ್ ತಂತಿಯ ಕೆಳಗೆ ಲೋಡರಿನ ತೋಳು ಎತ್ತಬೇಕಾಗಿ ಬರುವ ಹೊಂಡಗಳನ್ನು ಯಂತ್ರಕ್ಕೆ ಬಿಡದೆ ಕೈಯಿಂದ ತೋಡಬೇಕು.

ಕಂಬಗಳ ಸಂಖ್ಯೆಯನ್ನು ಎಕರೆಯ ಮೇಲೆ ಅಂದಾಜಿಸಿದರೆ ತಪ್ಪುತ್ತದೆ. ಚಚ್ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. 8 ಅಡಿಗೊಂದರಂತೆ 105 ಕಂಬ ಸಾಕು. ಕಣಿವೆಯಲ್ಲಿ 100 ಅಡಿ ಅಗಲಕ್ಕೆ ಉದ್ದವಾಗಿ ಚಾಚಿಕೊಂಡ ಅದೇ ಒಂದು ಎಕರೆ ತೋಟದ ಸುತ್ತಳತೆ 1,070 ಅಡಿಯಾಗುತ್ತದೆ, ಕಂಬ 134 ಬೇಕು. ಹುರಿ ಹಿಡಿದು ಅಳೆದು, ಮೂಲೆಗಳನ್ನೂ ದಣಪೆಯ (ಬೇಲಿಯ ಬಾಗಿಲಿನ) ಜಾಗವನ್ನೂ ಮೊದಲು ಗುರುತಿಸಿ, ಮೂಲೆಯಿಂದ ಮೂಲೆಗೆ ಹುರಿ ಬಿಗಿದು, ಪ್ರತಿ ಹೊಂಡದ ನಡುವಿಗೆ ಸುಣ್ಣದ ಚುಕ್ಕೆ ಇಡಬೇಕು. ಕೊರೆಯುವಾಗ ಹುರಿ ಆಗರಿಗೆ ಸುತ್ತಿಕೊಳ್ಳಬಾರದು. ಚುಕ್ಕೆ ಇಟ್ಟ ಮೇಲೆ ಹುರಿ ಬಿಚ್ಚಬೇಕು.

ಕಾಲ ಯಾವುದು? ಘಟ್ಟದ ಮೇಲೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಚಿರೇಕಲ್ಲು ತೇವವಿದ್ದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಒಣಗಿದಂತೆ ಗಟ್ಟಿ. ಇಟ್ಟಿಗೆಯಂತೆ ಕಡಿದು ತೆಗೆಯಲು ಆಗುವುದೂ ಈ ಗುಣದಿಂದಲೇ. ಮಾರ್ಚಿನಲ್ಲಿ ಹಲ್ಲು ತಾಗದ ನೆಲ ನವೆಂಬರಿನಲ್ಲಿ ಕೊರೆಯಲು ಸುಲಭ. ತಡವಾಗಿಬಿಟ್ಟಿದ್ದರೆ ಹಿಂದಿನ ಸಂಜೆ ಚುಕ್ಕೆಯ ಜಾಗದಲ್ಲಿ ಸಣ್ಣ ಕುಳಿ ಮಾಡಿ ನೀರು ತುಂಬಿಸಿಡಬಹುದು.

ಕೊರೆಯುವ ಕ್ರಮ

ಆಗರಿನ ಅಗಲ ಆರಿಸುವಾಗ ದೊಡ್ಡದೇ ಲೇಸು ಎಂದುಕೊಳ್ಳುವವರು ಹೆಚ್ಚು. ಎರಡೂವರೆ ಅಡಿ ಆಳದ ಹೊಂಡವನ್ನು 12 ಇಂಚಿನ ಆಗರಿನಲ್ಲಿ ಕೊರೆದು 4 ಇಂಚಿನ ಕಂಬ ಇಟ್ಟರೆ ಸುತ್ತ ತುಂಬಲು ಸುಮಾರು 48 ಲೀಟರ್ ಕಾಂಕ್ರೀಟ್ ಬೇಕು. 9 ಇಂಚಿನದಾದರೆ 23 ಲೀಟರ್ ಸಾಕು. ನೂರು ಕಂಬಕ್ಕೆ ಈ ವ್ಯತ್ಯಾಸ ಎಷ್ಟು ಸಿಮೆಂಟ್ ಚೀಲವಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಿಮೆಂಟ್ ಕಂಬಕ್ಕೆ 9 ಇಂಚು, ಒರಟು ಕಲ್ಲುಕಂಬಕ್ಕೆ ಮತ್ತು ಮೂಲೆಗೆ 12 ಇಂಚು ಎಂಬುದು ನನ್ನ ಆಯ್ಕೆ. ಕಲ್ಲು ಮಿಶ್ರಿತ ನೆಲಕ್ಕೆ ಮಣ್ಣು ಕೊರೆಯುವ ಚಪ್ಪಟೆ ಹಲ್ಲು ಬೇಡ. ಕಾರ್ಬೈಡ್ ತುದಿಯ ಹಲ್ಲಿರುವ ಆಗರ್ ಬೇಕು, ಬದಲಿ ಹಲ್ಲುಗಳನ್ನೂ ಕೈಯಲ್ಲಿಟ್ಟುಕೊಂಡಿರಬೇಕು.

ಟ್ರ್ಯಾಕ್ಟರನ್ನು ಚುಕ್ಕೆಗೆ ನೇರವಾಗಿ ತಂದು, ಬ್ರೇಕ್ ಹಾಕಿ, ನ್ಯೂಟ್ರಲ್ಲಿನಲ್ಲಿಟ್ಟು, ಆಗರಿನ ಮೂತಿಯನ್ನು ಚುಕ್ಕೆಯ ಮೇಲೆ ಇಳಿಸಬೇಕು. ಲೋಡರಿನ ಮುಂದೆ ಕಟ್ಟಿದ ಆಗರ್ ಚಾಲಕನಿಂದ ಬಹಳ ದೂರವಿರುತ್ತದೆ, ಬಾನೆಟ್ ಅಡ್ಡ ಬರುತ್ತದೆ. ಆದ್ದರಿಂದ ಒಬ್ಬ ಸಹಾಯಕ ಕನಿಷ್ಠ ಹತ್ತು ಅಡಿ ದೂರದಲ್ಲಿ, ಟ್ರ್ಯಾಕ್ಟರಿಗೆ ಅಡ್ಡಲಾಗಿ ನಿಂತು, ತೂಗುಗುಂಡು ಹಿಡಿದು ಆಗರ್ ನೆಟ್ಟಗಿದೆಯೇ ಎಂದು ಕೈಸನ್ನೆಯಿಂದ ತಿಳಿಸಬೇಕು. ಮುಂದೆ ಹಿಂದೆ ವಾಲಿದೆಯೇ ಎಂದು ನೋಡಬೇಕಾದವನು ಇವನೇ. ಬಲ ಎಡದ ವಾಲು ಚಾಲಕನಿಗೇ ಕಾಣುತ್ತದೆ. ಲೋಡರಿನ ತೋಳೂ ಹಿಂದಿನ ಮೂರು ಕೊಂಡಿಯೂ ಇಳಿಯುವಾಗ ಕಮಾನಿನ ದಾರಿಯಲ್ಲಿ ಇಳಿಯುತ್ತವೆ, ನೇರವಾಗಿ ಇಳಿಯುವುದಿಲ್ಲ. ಆಳ ಹೋದಂತೆ ಹೊಂಡ ಓರೆಯಾಗದಿರಲು ನಡುವೆ ಆಗರನ್ನು ಮೇಲೆತ್ತಿ ಟ್ರ್ಯಾಕ್ಟರನ್ನು ಒಂದೆರಡು ಇಂಚು ಸರಿಸಿಕೊಳ್ಳಬೇಕಾಗುತ್ತದೆ.

ಒಂದೇ ಬಾರಿಗೆ ಎರಡೂವರೆ ಅಡಿ ಇಳಿಸಿದರೆ ಆಗರ್, ಮರದೊಳಗೆ ಇಳಿಯುವ ತಿರುಪಿನಂತೆ, ಮಣ್ಣು ಮೇಲೆ ತಾರದೆ ತಾನೇ ಕೆಳಗೆ ಸೆಳೆದುಕೊಂಡು ಸಿಕ್ಕಿಬೀಳುತ್ತದೆ. ಆರರಿಂದ ಎಂಟು ಇಂಚು ಕೊರೆದು, ಮೇಲೆತ್ತಿ, ಮಣ್ಣು ಕೊಡವಿ, ಮತ್ತೆ ಇಳಿಸಬೇಕು. ಪಿಟಿಒ ಡಿಗ್ಗರಿನಲ್ಲಿ ಎಂಜಿನ್ ವೇಗ ಕಡಿಮೆ ಇಟ್ಟು ಕೊರೆದರೆ ಹಿಡಿತ ಸಿಗುತ್ತದೆ. ಪಿಟಿಒ ಶಾಫ್ಟಿಗೆ ನಿಮಿಷಕ್ಕೆ 540 ಸುತ್ತು ಎಂಬುದು ಮೇಲ್ಮಿತಿ, ಪ್ರತಿ ಹೊಂಡಕ್ಕೂ ಅಷ್ಟು ಬೇಕಿಲ್ಲ. ಬಂಡೆಗೆ ತಾಗಿದಾಗ ಶಿಯರ್ ಬೋಲ್ಟ್ (ಭಾರ ಮೀರಿದಾಗ ಮುರಿಯಲೆಂದೇ ಹಾಕಿದ ಬೋಲ್ಟ್) ತುಂಡಾಗಿ ಗೇರ್‌ಪೆಟ್ಟಿಗೆ ಉಳಿಯುತ್ತದೆ. ಅದು ಪದೇ ಪದೇ ತುಂಡಾಗುತ್ತದೆಂದು ಗಟ್ಟಿ ಬೋಲ್ಟ್ ಹಾಕುವ ರೂಢಿ ನಮ್ಮಲ್ಲಿದೆ; ಮುಂದಿನ ಸಲ ಒಡೆಯುವುದು ಗೇರ್‌ಪೆಟ್ಟಿಗೆ. ಸಿಕ್ಕಿಬಿದ್ದ ಹೈಡ್ರಾಲಿಕ್ ಆಗರನ್ನು ಹಿಂದಕ್ಕೆ ತಿರುಗಿಸಿ ಬಿಡಿಸಬಹುದು. ಪಿಟಿಒದ್ದಾದರೆ ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದು, ದೊಡ್ಡ ಪೈಪ್ ಪಾನಾ ಹಾಕಿ ಕೈಯಿಂದ ಹಿಂದಕ್ಕೆ ತಿರುಗಿಸಬೇಕು. ಲಿಫ್ಟಿನಿಂದ ಎಳೆದರೆ ತೋಳು ಬಾಗುತ್ತದೆ.

ಆಗರ್ ಇಳಿಯದಿದ್ದಾಗ ಒಬ್ಬರು ಡಿಗ್ಗರಿನ ತೋಳಿನ ಮೇಲೆ ಹತ್ತಿ ನಿಲ್ಲುವುದು, ಇಬ್ಬರು ಅದಕ್ಕೆ ಜೋತುಬೀಳುವುದು ಎಲ್ಲೆಡೆ ಕಾಣುವ ದೃಶ್ಯ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಲುಂಗಿಯ ತುದಿಯೋ ಹೆಗಲ ಟವೆಲ್ಲೋ ಶಾಫ್ಟಿಗೆ ತಾಗಿದರೆ ಕೂಗುವಷ್ಟು ಸಮಯವೂ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ಯಂತ್ರವನ್ನು ಬಾಡಿಗೆಗೆ ತರಬೇಡಿ. ಆಗರ್ ಇಳಿಯದಿದ್ದರೆ ಹಲ್ಲು ಸವೆದಿದೆ, ಇಲ್ಲವೇ ಕೆಳಗೆ ಬಂಡೆಯಿದೆ. ಮೇಲೆ ಭಾರ ಹಾಕಿದರೆ ಇವೆರಡೂ ಸರಿಹೋಗುವುದಿಲ್ಲ. ಹಾಗೆಯೇ ಹೈಡ್ರಾಲಿಕ್ ಪೈಪಿನ ಸೋರಿಕೆಯನ್ನು ಕೈ ಸವರಿ ಹುಡುಕಬಾರದು. ಸೂಜಿತುದಿಯಷ್ಟು ರಂಧ್ರದಿಂದ ಬರುವ ಎಣ್ಣೆ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು.

ಕರಾವಳಿಯಲ್ಲಿ ಬೇರೆ ಕ್ರಮ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮರಳು ನೆಲದಲ್ಲಿ ಆಗರ್ ಸುಲಭವಾಗಿ ಇಳಿಯುತ್ತದೆ, ಎತ್ತಿದ ಕೂಡಲೇ ಹೊಂಡ ಕುಸಿದು ಮುಚ್ಚಿಕೊಳ್ಳುತ್ತದೆ. ಅಲ್ಲಿ ಕಂಬವನ್ನು ನೇರವಾಗಿ ನೆಲಕ್ಕೆ ಇಳಿಸುವ ಪೋಸ್ಟ್ ಡ್ರೈವರ್ ಹೆಚ್ಚು ಉಪಯುಕ್ತ. ಆದರೆ ಡ್ರೈವರಿನ ಹೊಡೆತಕ್ಕೆ ಕಲ್ಲುಕಂಬವೂ ಸಿಮೆಂಟ್ ಕಂಬವೂ ಸೀಳುತ್ತವೆ. ಜಿಐ ಪೈಪು, ಆಂಗಲ್, ಮರದ ಕಂಬಗಳಿಗೆ ಮಾತ್ರ ಅದು ಸಲ್ಲುತ್ತದೆ. ಬಡಿಯುವ ಬಗೆಯ ಡ್ರೈವರನ್ನು ತಮ್ಮ ಲೋಡರಿಗೆ ಹಾಕಬಾರದೆಂದು ಕೆಲವು ತಯಾರಕರು ಹೇಳುತ್ತಾರೆ, ಪುಸ್ತಕ ನೋಡಿಯೇ ತರಬೇಕು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ದಪ್ಪ ಸತುವಿನ ಲೇಪನ ಇರುವ ಪೈಪನ್ನೇ ಆರಿಸಬೇಕು. ಕಲ್ಲುಕಂಬವೇ ಬೇಕೆಂದಾದರೆ ಆಗರಿನ ಹಿಂದೆಯೇ ತಳವಿಲ್ಲದ ಪ್ಲಾಸ್ಟಿಕ್ ಡ್ರಮ್ಮನ್ನು ಹೊಂಡಕ್ಕೆ ಇಳಿಸಿ, ಕಂಬ ನಿಲ್ಲಿಸಿ, ಕಾಂಕ್ರೀಟ್ ತುಂಬುತ್ತಾ ಡ್ರಮ್ಮನ್ನು ಮೇಲೆಳೆಯಬೇಕು. ಗಜನಿ ಭೂಮಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ) ಟ್ರ್ಯಾಕ್ಟರ್ ಇಳಿಸಬಾರದು, ಲೋಡರಿನ ಭಾರಕ್ಕೆ ಮುಂದಿನ ಚಕ್ರ ಹೂತುಹೋಗುತ್ತದೆ.

ಹಳೆಯ ಕಂಬ ಕೀಳುವುದು, ಹೊಸದನ್ನು ನಿಲ್ಲಿಸುವುದು

ಹಳೆಯ ಕಂಬ ತೆಗೆಯಲು ಪುಲ್ಲರ್ ಇಲ್ಲದಿದ್ದರೂ ಲೋಡರ್ ಸಾಕು. ಸರಪಳಿಯನ್ನು ಕಂಬದ ಬುಡಕ್ಕೆ ಎರಡು ಸುತ್ತು ಬಿಗಿದು, ತೋಳಿನಿಂದ ನೇರವಾಗಿ ಮೇಲಕ್ಕೆ ನಿಧಾನ ಎತ್ತಬೇಕು. ಟ್ರ್ಯಾಕ್ಟರಿನ ಹಿಂದಿನಿಂದ ಎಳೆಯುವುದಾದರೆ ಕೆಳಗಿನ ಡ್ರಾಬಾರಿಗೇ ಕಟ್ಟಬೇಕು; ಮೇಲಿನ ಕೊಂಡಿಗೆ ಕಟ್ಟಿದರೆ ಮುಂಭಾಗ ಎದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಮಗುಚುತ್ತದೆ.

ಮೂಲೆಯ ಕಂಬಗಳನ್ನು ಮೊದಲು ನಿಲ್ಲಿಸಬೇಕು. ತಂತಿಯ ಬಿಗಿತವನ್ನೆಲ್ಲ ತಡೆಯುವುದು ಅವೇ ಆದ್ದರಿಂದ ಮೂರು ಅಡಿ ಆಳ, ಕಾಂಕ್ರೀಟ್, ಮತ್ತು ಬೇಲಿಯ ಎರಡೂ ದಿಕ್ಕಿಗೆ ಓರೆಯಾಗಿ ಕೊಡುವ ಸಪೋರ್ಟ್ ಕಂಬ ಬೇಕು. ಸಪೋರ್ಟಿನ ಬುಡವನ್ನೂ ಹೊಂಡ ತೋಡಿ ಕೂರಿಸಬೇಕು, ನೆಲದ ಮೇಲೆ ಒರಗಿಸಿದರೆ ಮೊದಲ ಮಳೆಗೆ ಜಾರುತ್ತದೆ. ನಡುವಿನ ಕಂಬಗಳಿಗೆ ಎಲ್ಲ ಕಡೆ ಕಾಂಕ್ರೀಟ್ ಹಾಕುವುದು ಅನಗತ್ಯ ವೆಚ್ಚ. ಕೊರೆದಾಗ ಬಂದ ಚಿರೇಕಲ್ಲಿನ ಚೂರು, ಮಣ್ಣನ್ನು ಆರಾರು ಇಂಚು ತುಂಬಿ ಹಾರೆಯ ಹಿಂಬದಿಯಿಂದ ದಮ್ಮಸು ಮಾಡಿದರೆ ಚೆನ್ನಾಗಿ ಹಿಡಿಯುತ್ತದೆ. ಜೇಡಿಯಲ್ಲಿ ಆಗರ್ ಹೊಂಡದ ಗೋಡೆಯನ್ನು ನುಣುಪು ಮಾಡಿಬಿಡುತ್ತದೆ. ಹಾರೆಯಿಂದ ಗೀರಿ ಒರಟು ಮಾಡಿದ ಮೇಲೆ ತುಂಬಬೇಕು. ಕಂಬವನ್ನು ಹೊಂಡಕ್ಕೆ ಇಳಿಸಲು ಫೋರ್ಕಿನಿಂದ ಬಟ್ಟೆಯ ಪಟ್ಟಿ ಇಳಿಬಿಟ್ಟು ಕಂಬದ ನಡುವಿಗಿಂತ ಸ್ವಲ್ಪ ಮೇಲೆ ಕಟ್ಟಿ ಎತ್ತಿದರೆ ಅದು ತಾನಾಗಿ ನೆಟ್ಟಗಾಗುತ್ತದೆ. ಪಟ್ಟಿ ಫೋರ್ಕಿನ ತುದಿಯಿಂದ ಜಾರದಂತೆ ಬಿಗಿದಿರಬೇಕು, ಕಂಬ ತೂಗುತ್ತಿರುವಾಗ ಅದರ ಕೆಳಗೆ ಕಾಲು ಇಡಬಾರದು.

ಕಾಂಕ್ರೀಟ್ ಹಾಕಿದ ಮೂಲೆಗಳಿಗೆ ಕನಿಷ್ಠ ಒಂದು ವಾರ ನೀರುಣಿಸಿದ ಮೇಲೆ ತಂತಿ ಬಿಗಿಯಬೇಕು. ಕಾಡುಹಂದಿ ತಂತಿಯ ಅಡಿಯಿಂದಲೇ ನುಗ್ಗುವುದರಿಂದ ಕೆಳಗಿನ ಎಳೆ ನೆಲಕ್ಕೆ ತಾಗುವಂತಿರಲಿ, ಎರಡು ಕಂಬಗಳ ನಡುವೆ ಅದನ್ನು ಗೂಟದಿಂದ ನೆಲಕ್ಕೆ ಕಟ್ಟಿರಲಿ. ಜೂನಿನ ಮಳೆಗೆ ಹೊಸ ಹೊಂಡಗಳ ಮಣ್ಣು ಕುಗ್ಗಿ ಕಂಬದ ಸುತ್ತ ನೀರು ನಿಲ್ಲುತ್ತದೆ. ಜುಲೈ ಮೊದಲಲ್ಲಿ ಒಮ್ಮೆ ಸುತ್ತಿ, ಮಣ್ಣು ಏರಿಸಿ, ಮತ್ತೆ ದಮ್ಮಸು ಮಾಡಬೇಕು. ಆಗರನ್ನು ಹಿಂದಿರುಗಿಸುವ ಮುನ್ನ ವಾಲ್ವಿನ ಲಿವರನ್ನು ಎರಡೂ ಕಡೆ ಆಡಿಸಿ ಒತ್ತಡ ಇಳಿಸಿ, ಕಪ್ಲರ್ ಬಿಚ್ಚಿ, ಎರಡೂ ತುದಿಗಳಿಗೆ ಮುಚ್ಚಳ ಹಾಕಿ, ಹಲ್ಲುಗಳನ್ನು ತೊಳೆದು ಗ್ರೀಸ್ ಸವರಿ ಕೊಡಬೇಕು.